ಪೂರ್ತಿ ಭಾರದ ಪರೀಕ್ಷೆ

ವೈಟ್‌ಫೀಲ್ಡ್‌ನ ಒಂದು ಅಪಾರ್ಟ್‌ಮೆಂಟಿನಲ್ಲಿ ಲಿಫ್ಟ್ ರಿಪೇರಿ ಮುಗಿಸಿ, ಸಹಿಗಾಗಿ ಸಂಘದ ಅಧ್ಯಕ್ಷರ ಮುಂದೆ ಕಾಗದ ಹಿಡಿದೆ. ಅವರು ವಾಯುಪಡೆಯ ನಿವೃತ್ತ ಏರ್ ಮಾರ್ಷಲ್. ಅದಕ್ಕೂ ಮುಂಚೆ ಹೊಸ ವಿಮಾನಗಳನ್ನು ಹಾರಿಸಿ ನೋಡುವ ಟೆಸ್ಟ್ ಪೈಲಟ್ ಆಗಿದ್ದವರು.

"ಪೂರ್ತಿ ಭಾರ ಹಾಕಿ ಓಡಿಸಿದ್ರಾ?"

"ಓಡಿಸಿದೀನಿ ಸಾರ್."

ಸುಳ್ಳು. ಖಾಲಿ ಲಿಫ್ಟ್ ಒಂದು ಸಲ ಹತ್ತಿ ಇಳಿದಿತ್ತು, ಅಷ್ಟೆ. ಕಾಗದದಲ್ಲಿ ಭಾರದ ಪರೀಕ್ಷೆಯ ಸಾಲಿಗೆ ಕೂತಲ್ಲೇ ಟಿಕ್ ಹಾಕುವುದು ನಮ್ಮ ಕಸುಬಿನ ರೂಢಿ.

ಅವರು ಕಾಗದ ಮುಟ್ಟಲಿಲ್ಲ. ಅಲ್ಲಿದ್ದ ಆರು ಜನರನ್ನು ಕರೆದುಕೊಂಡು ಲಿಫ್ಟಿನೊಳಗೆ ನಿಂತರು. "ನೀವೂ ಬನ್ನಿ."

ಬಾಗಿಲು ಮುಚ್ಚುತ್ತಿತ್ತು. ಕೈ ಅಡ್ಡ ಹಿಡಿದೆ.

"ಇಳೀರಿ ಸಾರ್. ಭಾರ ಹಾಕಿ ನೋಡಿಲ್ಲ."

ಬೈಯುತ್ತಾರೆ ಅಂದುಕೊಂಡೆ. ಬೈಯದೆ ಎಲ್ಲರನ್ನೂ ಇಳಿಸಿ ತಾವೂ ಇಳಿದರು.

"ನನ್ನ ಸರ್ವಿಸ್‌ನಲ್ಲಿ ವಿಮಾನ ಹತ್ತಿ ಕೂತ್ಮೇಲೆ ಇಳೀರಿ ಅಂದವನು ಒಬ್ಬನೇ ಮೆಕ್ಯಾನಿಕ್ ಕಣ್ರೀ. ಈ ಏರ್ ಮಾರ್ಷಲ್‌ಗಿರಿ ಎಲ್ಲಾ ಆಮೇಲೆ ಸಿಕ್ಕಿದ್ದು, ಅವತ್ತು ಇಳಿದು ಬದುಕಿದ್ದಕ್ಕೆ."

ಮರಳಿನ ಚೀಲ ತುಂಬಿ ಓಡಿಸಿದೆ. ಎರಡನೇ ಮಹಡಿಯಲ್ಲಿ ನಿಲ್ಲಬೇಕಾದ ಲಿಫ್ಟ್ ಒಂದಡಿ ಕೆಳಗೆ ಜಾರಿ ನಿಂತಿತು. ಬ್ರೇಕ್ ಸರಿಮಾಡಿ ಸಹಿ ಪಡೆಯುವಷ್ಟರಲ್ಲಿ ಸಂಜೆಯಾಯಿತು.

ತಡವಾದದ್ದಕ್ಕೆ ಆಫೀಸಿನವರು ಕಾರಣ ಕೇಳಿದರು. ಪರೀಕ್ಷೆ ಮಾಡಿದೆ ಎಂದು ಬರೆದುಕೊಟ್ಟೆ.