ಬೇಳೆ ಗಿರಣಿಯ ಅಧ್ಯಕ್ಷೆ

ಇದನ್ನು ಬರೆಯುತ್ತಿರುವ ಮಹಾಶಯ ಮುದ್ದೇಬಿಹಾಳದ ತಾಳಿಕೋಟೆ ರಸ್ತೆಯ ಬೇಳೆ ಗಿರಣಿಗೆ ಗುಮಾಸ್ತನಾಗಿ ಸೇರಿದ ಮೊದಲ ದಿನ, ಕಚೇರಿಯ ಗೋಡೆಯ ಮೇಲೆ ಒಂದು ಬೋರ್ಡು ಕಂಡ. 'ಮಹಿಳಾ ದೂರು ಸಮಿತಿ. ಅಧ್ಯಕ್ಷರು: ಶ್ರೀಮತಿ ಹೊನ್ನವ್ವ ಮಡಿವಾಳಪ್ಪ ತಂಗಡಗಿ.' ಇಷ್ಟುದ್ದ ಹೆಸರಿನವರು ವಿಜಾಪುರದ ಯಾರೋ ವಕೀಲರ ಹೆಂಡತಿಯೋ, ಬ್ಯಾಂಕಿನ ಡೈರೆಕ್ಟರೋ ಇರಬೇಕೆಂದು ತೀರ್ಮಾನಿಸಿದ. ಬಿ.ಕಾಂ. ಪಾಸಾದವನ ತೀರ್ಮಾನಗಳು ಹೀಗೇ ಗಟ್ಟಿಯಾಗಿರುತ್ತವೆ.

ನೀರು ತಂದುಕೊಟ್ಟ ಹೆಂಗಸನ್ನು ಕೇಳಿದ: "ಅಧ್ಯಕ್ಷರು ಎಷ್ಟ ಗಂಟೇಕ ಬರ್ತಾರ್ರಿ?"

ಆಕೆ ಸೊಂಟದ ಮೇಲೆ ಕೈಯಿಟ್ಟು ಇವನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು. "ಕಸ ಹೊಡದಾದ ಮ್ಯಾಲ ಬರ್ತಾಳಪಾ. ಕಾಲ ತಗಿ."

ಅವನು ಕಾಲು ತೆಗೆದ. ಕಸ ಹೊಡೆಯದೆ ಒಳಗೆ ಕಾಲಿಡದಷ್ಟು ದೊಡ್ಡ ಮನುಷ್ಯರೆಂದುಕೊಂಡು ಇನ್ನಷ್ಟು ಹೆದರಿ, ಇದ್ದ ಒಂದೇ ಗಟ್ಟಿ ಕುರ್ಚಿಯನ್ನು ಒರೆಸಿ ಬಾಗಿಲ ಕಡೆ ತಿರುಗಿಸಿಟ್ಟ. ಮಧ್ಯಾಹ್ನ ಆ ಹೆಂಗಸೇ ಬಂದು ಅದರ ಮೇಲೆ ಕುಳಿತು ರೊಟ್ಟಿಯ ಗಂಟು ಬಿಚ್ಚುವ ತನಕ ಸತ್ಯ ಅವನಿಗೆ ಹೊಳೆಯಲಿಲ್ಲ.

ಗುಮಾಸ್ತನ ಕಥೆ ಇಷ್ಟು ಸಾಕು. ಹೊನ್ನವ್ವನದು ಉದ್ದವಿದೆ.

ಹೊನ್ನವ್ವ ದಿನಾ ತಂಗಡಗಿಯಿಂದ ಏಳರ ಬಸ್ಸಿಗೆ ಬರುತ್ತಿದ್ದಳು. ಇಪ್ಪತ್ತೆರಡು ವರ್ಷ ಗಿರಣಿಯ ಶೆಡ್ಡಿನಲ್ಲಿ ಮೊರ ಹಿಡಿದು ಬೇಳೆ ಹಸನು ಮಾಡಿದ್ದಳು. ಕಣ್ಣಿಗೆ ಕಲ್ಲೂ ಬೇಳೆಯೂ ಒಂದೇ ಆಗಿ ಕಾಣತೊಡಗಿದಾಗ ಸಾಹುಕಾರ ಚನ್ನಬಸಯ್ಯನವರು ಆಕೆಯನ್ನು ಕಸ-ನೀರಿನ ಕೆಲಸಕ್ಕೆ ಹಾಕಿ, ಹಾಜರಿ ಪುಸ್ತಕದಲ್ಲಿ ಹೆಸರು ಹತ್ತಿಸಿದರು. ಅದು ಸಣ್ಣ ಮಾತಲ್ಲ. ಶೆಡ್ಡಿನ ನಲವತ್ತು ಹೆಂಗಸರು ಕಾಗದದ ಪ್ರಕಾರ ಆ ಗಿರಣಿಯಲ್ಲಿ ಇರಲೇ ಇಲ್ಲ. ಬೆಳಿಗ್ಗೆ ಬಂದು ಸಂಜೆ ಹೋಗುವ ಗಾಳಿ. ಪುಸ್ತಕದಲ್ಲಿದ್ದ ಹನ್ನೆರಡು ಮಂದಿಯಲ್ಲಿ ಹೆಂಗಸು ಆಕೆಯೊಬ್ಬಳೇ. ಪೇಟೆಯಲ್ಲಿ ಹಮಾಲಿ ಮಾಡಿ ಬೆನ್ನು ಕಳೆದುಕೊಂಡ ಗಂಡ ಮಡಿವಾಳಪ್ಪ ಮನೆಯ ಕಟ್ಟೆಯ ಮೇಲೆ ಕುಳಿತು, ಆಕೆಯ ನೌಕರಿ ಇನ್ನೆಷ್ಟು ವರ್ಷ ಉಳಿಯಿತೆಂದು ಆಕೆಗಿಂತ ಚೆನ್ನಾಗಿ ಲೆಕ್ಕವಿಟ್ಟಿದ್ದ.

ತೊಂಬತ್ತೇಳರಲ್ಲಿ ಸುಪ್ರೀಂ ಕೋರ್ಟು, ಹೆಂಗಸರು ದುಡಿಯುವ ಕಡೆ ಯಾರೂ ಅವರಿಗೆ ಕಿರುಕುಳ ಕೊಡಬಾರದು, ಕೊಟ್ಟರೆ ದೂರು ಕೇಳಲು ಹೆಂಗಸೇ ಮುಖ್ಯಸ್ಥಳಾದ ಸಮಿತಿ ಇರಬೇಕು ಎಂದು ಹೇಳಿತು. ಆ ಮಾತು ದಿಲ್ಲಿಯಿಂದ ಮುದ್ದೇಬಿಹಾಳಕ್ಕೆ ಬರಲು ಎರಡು ವರ್ಷ ಹಿಡಿಯಿತು. ಬಂದದ್ದೂ ಕೋರ್ಟಿನಿಂದಲ್ಲ, ಬೇಳೆ ಕೊಳ್ಳುವ ಹುಬ್ಬಳ್ಳಿಯ ಕಂಪನಿಯಿಂದ. ಸಮಿತಿಯಿಲ್ಲದ ಗಿರಣಿಯ ಬೇಳೆ ತಮಗೆ ಬೇಡವೆಂದು ಅವರು ಪತ್ರ ಬರೆದರು. ಸಾಹುಕಾರರು ಹಾಜರಿ ಪುಸ್ತಕ ಎರಡು ಸಲ ತಿರುವಿ ಹಾಕಿ ಹೊನ್ನವ್ವನನ್ನು ಕರೆದರು.

"ಹೊನ್ನವ್ವಾ, ಸಹಿ ಮಾಡಾಕ ಬರತೈತೇನ್ ನಿನಗ?"

"ಸಾಕ್ಷರತಾದಾಗ ಕಲಿಸ್ಯಾರ್ರಿ. ಹೆಸರಷ್ಟ ಬರತೈತಿ."

"ಅಷ್ಟ ಸಾಕು."

ಹೀಗೆ ಆಕೆ ಅಧ್ಯಕ್ಷೆಯಾದಳು. ಆ ಸಂತೋಷಕ್ಕೆ ಕಚೇರಿಯಲ್ಲಿ ಚಹಾ ಆಯಿತು. ಹಂಚಿದವಳೂ ಆಕೆಯೇ, ಲೋಟ ತೊಳೆದವಳೂ ಆಕೆಯೇ.

ಪ್ರತಿ ಜನವರಿಯಲ್ಲಿ ಕಂಪನಿಗೆ ಒಂದು ವರದಿ ಹೋಗಬೇಕಿತ್ತು. ಗುಮಾಸ್ತ ಬಂದ ಮೇಲೆ ಬರೆಯುವ ಪಾಳಿ ಅವನದಾಯಿತು. 'ಸದರಿ ವರ್ಷದಲ್ಲಿ ಯಾವುದೇ ದೂರು ಸ್ವೀಕೃತವಾಗಿರುವುದಿಲ್ಲ.' ಸದರಿ ಎಂಬ ಪದದ ಮೇಲೆ ಅವನಿಗೆ ವಿಶೇಷ ಪ್ರೀತಿ. ಮೊದಲ ವರ್ಷ ಹೊನ್ನವ್ವ ಕೇಳಿದ್ದಳು: "ಏನಂತ ಐತೋ ತಮ್ಮಾ ಇದರಾಗ?"

"ಏನೂ ಆಗಿಲ್ಲ ಅಂತ ಐತ್ರಿ."

ಆಕೆ ಸ್ವಲ್ಪ ಹೊತ್ತು ಕಾಗದ ನೋಡಿದಳು. ಕೈಯನ್ನು ಸೆರಗಿಗೆ ಒರೆಸಿಕೊಂಡು ಒಂದೊಂದೇ ಅಕ್ಷರ ಇಳಿಸಿದಳು. ಮುಂದಿನೆರಡು ವರ್ಷ ಕೇಳಲೂ ಇಲ್ಲ.

ಗಿರಣಿಯಲ್ಲಿ ಒಂದು ಪದ್ಧತಿಯಿತ್ತು. ಸಂಜೆ ಶೆಡ್ಡು ಬಿಟ್ಟಾಗ ಹೆಂಗಸರು ಒಬ್ಬೊಬ್ಬರಾಗಿ ಗೇಟಿನಲ್ಲಿ ನಿಂತು, ಬೇಳೆ ಕಟ್ಟಿಕೊಂಡಿಲ್ಲವೆಂದು ಉಡಿ ಝಾಡಿಸಿ ತೋರಿಸಬೇಕು. ನೋಡುವವನು ಅವರ ಮೇಲಿನ ಮುಕಾದಮ ಬಸಂತರಾಯ, ಸಾಹುಕಾರರ ಖಾಸಾ ಮನುಷ್ಯ. ಬಸಂತರಾಯನಿಗೆ ಕಣ್ಣಿನ ಮೇಲೆ ನಂಬಿಕೆ ಕಡಿಮೆ, ಕೈಯ ಮೇಲೆ ಹೆಚ್ಚು. ಮುದುಕಿಯರು ಬಂದರೆ "ಹೋಗ, ಹೋಗ" ಅನ್ನುವನು. ಎಳೆಯರು ಬಂದರೆ ತಾನೇ ಹುಡುಕುವನು. ಹೊನ್ನವ್ವ ಇಪ್ಪತ್ತೆರಡು ವರ್ಷ ಆ ಗೇಟು ದಾಟಿದವಳು. ಆಗ ಮುಕಾದಮ ಬೇರೆ ಇದ್ದ. ಪದ್ಧತಿ ಇದೇ ಇತ್ತು.

ನಾಲ್ಕನೆಯ ವರ್ಷ, ಹೊಸ ತೊಗರಿ ಬರತೊಡಗಿದ ಡಿಸೆಂಬರಿನಲ್ಲಿ, ಶೆಡ್ಡಿಗೆ ಹೊಸದಾಗಿ ಸೇರಿದ್ದ ಸಾಬೀರಾ ನೀರಿನ ಹರವಿಯ ಬಳಿ ಹೊನ್ನವ್ವನನ್ನು ತಡೆದಳು.

"ಹೊನ್ನಕ್ಕಾ, ಆಂವ ಉಡಿ ನೋಡ್ಲಿ, ಬ್ಯಾಡ ಅನ್ನಂಗಿಲ್ಲ. ಉಡಿ ಇರೂದೆಲ್ಲಿ, ಆಂವನ ಕೈ ಇರೂದೆಲ್ಲಿ."

"ನನ್ನ ಮುಂದ ಯಾಕ ಹೇಳ್ತಿ ತಂಗಿ?"

"ಮತ್ತ ಬೋರ್ಡಿನ ಮ್ಯಾಲ ಯಾರ ಹೆಸರೈತಿ?"

"ಹೆಸರೇನು, ಗ್ವಾಡಿ ಮ್ಯಾಲ ದೇವರ ಫೋಟೋನೂ ಐತಿ. ದೇವರಿಗೆ ಹೇಳು."

"ದೇವರಿಗೆ ದಿನಾ ಹೇಳ್ತೇನಿ. ಅಧ್ಯಕ್ಷಿ ನೀ ಇದ್ದಿ."

ಹೊನ್ನವ್ವ ಕೊಡ ಎತ್ತಿಕೊಂಡು ಹೋದಳು. ದಣಿದವರಿಗೆ ಮಾತಿಗಿಂತ ತುಂಬಿದ ಕೊಡ ಹಗುರ.

ಅಂದು ಸಂಜೆ ಗೇಟಿನಲ್ಲಿ ಸಾಬೀರಾ ಬಸಂತರಾಯನ ಕೈಯನ್ನು ಕೊಡವಿಬಿಟ್ಟಳು. ಮರುದಿನ ಆಕೆಗೆ ಕೆಲಸವಿಲ್ಲವೆಂದಾಯಿತು. ಕಳ್ಳಿ ಎಂಬ ಹೆಸರು ಬೇರೆ. ಕಾಗದದಲ್ಲಿ ಇಲ್ಲದವಳನ್ನು ತೆಗೆಯಲು ಕಾಗದ ಬೇಕಿರಲಿಲ್ಲ. ಸಾಬೀರಾ ಸುಮ್ಮನೆ ಮನೆಯಲ್ಲಿ ಕೂರಲಿಲ್ಲ. ದಿನಾ ಎಂಟಕ್ಕೆ ಬಂದು ಗೇಟಿನ ಹೊರಗೆ ಬೇವಿನ ಗಿಡದ ಕೆಳಗೆ ಕುಳಿತಳು. ಹೊನ್ನವ್ವ ಒಳಗೆ ಬರಲಿ, ಹೊರಗೆ ಹೋಗಲಿ, ಆಕೆಯನ್ನು ದಾಟಿಯೇ ಹೋಗಬೇಕು. ಮೂರು ದಿನ ನೆಲ ನೋಡಿಕೊಂಡು ದಾಟಿದಳು. ನಾಲ್ಕನೆಯ ದಿನ ಆಕೆಗೊಂದು ತಂಬಿಗೆ ನೀರು ಕೊಟ್ಟು, ನೆಟ್ಟಗೆ ಗುಮಾಸ್ತನ ಮೇಜಿನ ಮುಂದೆ ಬಂದು ನಿಂತಳು.

"ತಮ್ಮಾ, ನಾ ಅಧ್ಯಕ್ಷಿ ಆಗಿದ್ದ ಕಾಗದ ತಗಿ. ಓದು."

ಓದಿದ. ದೂರು ಬಂದರೆ ಸಮಿತಿ ವಿಚಾರಿಸಬೇಕು, ದೂರು ಕೊಟ್ಟವಳಿಗೆ ಅದರಿಂದ ತೊಂದರೆಯಾಗದಂತೆ ನೋಡಬೇಕು ಎಂದೆಲ್ಲ ಇತ್ತು.

"ಇದನ್ನ ಇಷ್ಟ ದಿನಾ ಯಾರೂ ನನಗ ಓದಿ ಹೇಳಿಲ್ಲ."

"ನೀವು ಕೇಳಲಿಲ್ರಿ."

"ಹೌದು. ಕೇಳಿದ್ರ ಗೊತ್ತಾಕ್ಕಿತ್ತು." ಆಕೆ ಮೇಜಿನ ಅಂಚು ಹಿಡಿದು ಮಂಡಿಯ ಭಾರ ಬದಲಿಸಿದಳು. "ಸಾಬೀರಾನ ದೂರು ಬರಿ."

ಗುಮಾಸ್ತನಿಗೆ ತನ್ನ ನೌಕರಿ ಇನ್ನೂ ಖಾಯಂ ಆಗಿಲ್ಲವೆಂಬುದು ಆ ಕ್ಷಣಕ್ಕೇ ನೆನಪಾಯಿತು. "ಪೆನ್ನಿನಾಗ ಮಸಿ ಇಲ್ರಿ," ಎಂದ. ಅವನ ಜೇಬಿನಲ್ಲಿ ಎರಡು ಪೆನ್ನುಗಳಿದ್ದವು. ಹೊನ್ನವ್ವ ಎರಡನ್ನೂ ನೋಡಿ, ಕಸಬರಿಗೆ ಎತ್ತಿಕೊಂಡು ಹೋದಳು. ಬೈದಿದ್ದರೆ ಚೆನ್ನಾಗಿತ್ತು.

ಆ ಸಂಜೆ ಮಡಿವಾಳಪ್ಪ ಕಟ್ಟೆಯ ಮೇಲಿಂದಲೇ ಹೇಳಿದ: "ನಾಕು ವರ್ಷ ಉಳದಾವು, ಹೊನ್ನಿ. ಪುಸ್ತಕದಿಂದ ಹೆಸರು ಹೊಡದ್ರ ಇಬ್ರೂ ಏನ್ ತಿನ್ನೂದು? ಕಣ್ಣ ಮುಚ್ಚಿಕೊಂಡು ತಗಿ."

"ಇಷ್ಟ ದಿನಾ ಮುಚ್ಚಿಕೊಂಡ ಇದ್ನೆಲ್ಲ," ಎಂದು ಆಕೆ ರೊಟ್ಟಿ ಬಡಿದಳು.

ಜನವರಿಯಲ್ಲಿ ವರದಿ ನೋಡಲು ಕಂಪನಿಯ ಸುನಂದಾ ಮೇಡಂ ಈ ಸಲ ತಾವೇ ಬಂದರು. ಸಾಹುಕಾರರ ಅಪ್ಪಣೆಯಂತೆ ಗುಮಾಸ್ತ ಸದರಿ ಸಹಿತ ಕಾಗದ ಸಿದ್ಧಮಾಡಿಟ್ಟಿದ್ದ. ಪೆನ್ನಿಗೆ ಮಸಿ ಬಂದಿತ್ತು. ಹೊನ್ನವ್ವ ಚಹಾ ತಂದಳು.

"ಅಧ್ಯಕ್ಷರು ಎಲ್ಲಿದಾರ್ರಿ?" ಎಂದರು ಮೇಡಂ.

"ಇಕೀನ ಅಧ್ಯಕ್ಷಿ ರಿ," ಎಂದರು ಸಾಹುಕಾರರು. "ಹೊನ್ನವ್ವಾ, ಲಗು ಸಹಿ ಮಾಡು. ಮೇಡಂರಿಗೆ ಹೊತ್ತಾಕ್ಕೈತಿ."

ಹೊನ್ನವ್ವ ಚಹಾದ ತಾಟು ಕೆಳಗಿಟ್ಟಳು. "ಇದಕ್ಕ ಸಹಿ ಮಾಡಾಕ ಬರಂಗಿಲ್ರಿ. ಒಂದು ದೂರು ಐತಿ."

"ಎಲ್ಲೈತಿ? ಕಾಗದ ತೋರಸು."

"ಕಾಗದ ಇಲ್ರಿ. ಗೇಟಿನ ಹೊರಗ ಕುಂತೈತಿ."

ಮೇಡಂ ಕಿಟಕಿಯಿಂದ ನೋಡಿದರು. ಹರವಿಯಲ್ಲಿ ನೀರು ಖಾಲಿಯಾಗಿದೆ ಎಂದು ಹೇಳುವ ದನಿಯಲ್ಲೇ ಹೊನ್ನವ್ವ ಎಲ್ಲ ಹೇಳಿದಳು: ಉಡಿ, ಕೈ, ಕಳ್ಳಿಯೆಂಬ ಹೆಸರು, ತನ್ನ ಕಾಲದಿಂದಲೂ ಇದೇ ಪದ್ಧತಿ ಇದ್ದದ್ದು. "ಗೇಟಿನಾಗ ನೋಡೂದ ಇದ್ರ ಹೆಣ್ಮಗಳು ನೋಡ್ಲಿ. ಸಾಬೀರಾ ಒಳಗ ಬರಲಿ."

"ಹೊನ್ನವ್ವಾ, ನಿನ್ನ ಪುಸ್ತಕದಾಗ ಹತ್ತಿಸಿದಾಂವ ನಾ," ಎಂದರು ಸಾಹುಕಾರರು.

"ಹೌದ್ರಿ. ಅದಕ್ಕ ಹೇಳಾಕತ್ತೇನಿ. ಹೊರಗ ಕುಂತಾಕಿ ಹೇಳಿದ್ರ ಕೇಳ್ತಿದ್ರೇನ್ರಿ?"

ಮೇಡಂ ಫೈಲು ಮುಚ್ಚಿದರು. ಆ ಹೆಂಗಸು ಕೆಲಸಕ್ಕೆ ಬರುವ ತನಕ, ಗೇಟಿನಿಂದ ಆ ಮುಕಾದಮ ಸರಿಯುವ ತನಕ ಈ ಗಿರಣಿಯ ವರದಿಯೂ ಮುಂದೆ ಹೋಗುವುದಿಲ್ಲ, ಬೇಳೆಯೂ ಹೋಗುವುದಿಲ್ಲ ಎಂದರು. ಸಾಹುಕಾರರು ಹುಬ್ಬಳ್ಳಿಗೆ ಬೇಳೆ ಹೋಗಬೇಕಾದ ದಿನವನ್ನು ಕ್ಯಾಲೆಂಡರಿನಲ್ಲಿ ಎಣಿಸಿದರು. ಕೊನೆಗೆ, "ಬಸಂತರಾಯಗ ತೂಕದ ಕೆಲಸಕ್ಕ ಹೋಗಂತ ಹೇಳು. ಆಕೀನ ಕರಿ," ಎಂದರು. ಧೈರ್ಯ ಬೇಡದ ಕೆಲಸವಾದ್ದರಿಂದ ಗುಮಾಸ್ತ ಓಡಿದ. ಸಾಬೀರಾ ಒಳಗೆ ಬಂದು ಬಾಗಿಲಲ್ಲಿ ನಿಂತಳು.

ಅಷ್ಟಕ್ಕೇ ಮುಗಿಯಬಹುದಿತ್ತು. ಮೇಡಂ ಹಳೆಯ ವರದಿಗಳನ್ನು ತಿರುವಿದರು.

"ಹೊನ್ನವ್ವ, ಒಂದು ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ಈ ಗೇಟಿನ ಪದ್ಧತಿ ಮೊದಲಿಂದಲೂ ಐತಿ ಅಂದ್ರಿ. ಹಂಗಿದ್ರ ಮೂರು ವರ್ಷ ಏನೂ ಆಗಿಲ್ಲ ಅಂತ ಸಹಿ ಮಾಡೀರಲ್ಲ, ಅವೇನು?"

ಸಾಹುಕಾರರು ನೆಟ್ಟಗೆ ಕುಳಿತರು. "ಕೇಳ್ರಿ, ಕೇಳ್ರಿ. ಸುಳ್ಳಿಗೆ ಸಹಿ ಮಾಡಾಕೀನ ನೌಕರಿಯಾಗ ಹೆಂಗ ಇಟ್ಕೊಳ್ಳೂದು?"

ಹೊನ್ನವ್ವ ಖಾಲಿ ಲೋಟಗಳನ್ನು ತಾಟಿಗೆ ಎತ್ತಿಟ್ಟುಕೊಂಡಳು.

"ಸುಳ್ಳ ಅವು. ನೀವು ಬರಸಿದ್ರಿ, ಇಂವ ಬರದಾ, ನಾ ಸಹಿ ಮಾಡಿದೆ."