ಸೋರುವ ಇಂಜಿನ್ನೂ ಗುರುಮಲ್ಲಪ್ಪನ ಸಿಟ್ಟೂ

ತೊಂಬತ್ತೇಳರ ಮುಂಗಾರಿಗೆ ಮುಂಚೆ, ಹೆಮ್ಮರಗಾಲದ ಗುರುಮಲ್ಲಪ್ಪ ತನ್ನಪ್ಪನ ಕಾಲದ ಟ್ರ್ಯಾಕ್ಟರಿನ ಇಂಜಿನ್ ಬಿಚ್ಚಿಸಿ, ಟಿ. ನರಸೀಪುರದ ಮೆಕ್ಯಾನಿಕ್ ನಂಜೇಶನಿಂದ ಹೊಸದಾಗಿ ಕಟ್ಟಿಸಿದ. ಮನೆಗೆ ತಂದು ತಾನೇ ಬಣ್ಣ ಬಳಿದ. ಉಳುಮೆಗಿಳಿಸಿದ ದಿನವೇ ಇಂಜಿನ್ನಿನ ಸಂದುಸಂದಿನಿಂದಲೂ ಆಯಿಲ್ ಸೋರತೊಡಗಿತು.

ನಂಜೇಶ ಬಂದು ಸಂದು ಮುಚ್ಚುವ ಗ್ಯಾಸ್ಕೆಟ್ ಬದಲಾಯಿಸಿದ. ಮತ್ತೆ ಸೋರಿತು. ಇನ್ನೊಮ್ಮೆ ಬಂದು ಬೋಲ್ಟುಗಳನ್ನೆಲ್ಲ ಬಿಗಿದ. ಆಗಲೂ ಸೋರಿತು. ಗುರುಮಲ್ಲಪ್ಪನಿಗೆ ಪಿತ್ತ ನೆತ್ತಿಗೇರಿತು.

“ಕೈಲಾಗ್ದಿದ್ರೆ ಗ್ಯಾರೇಜ್ ಮುಚ್ಕೊಂಡು ಓಗ್ಲಾ,” ಎಂದು ನಾಲ್ಕು ಜನರ ಮುಂದೆ ಬೈದು ಅಟ್ಟಿದ.

ಮಾರನೆಯ ದಿನ ಜಿಡ್ಡು ಒರೆಸುತ್ತಿದ್ದ ಹೆಂಡತಿ ಮಲ್ಲಾಜಮ್ಮ, ಇಂಜಿನ್ನಿನ ಒಳಗಿನ ಹೊಗೆ ಹೊರಬರುವ ಸಣ್ಣ ಪೈಪಿನಿಂದ ಬಟ್ಟೆಯುಂಡೆಯೊಂದನ್ನು ಎಳೆದಳು.

“ನನ್ ಅಳೇ ಸೀರೆ ತುಂಡಲ್ವಾ ಇದು? ಇಲ್ಯಾಕ್ ತುರುಕಿದ್ರಿ?”

ಬಣ್ಣ ಒಳಹೋಗದಿರಲೆಂದು ತುರುಕಿ ಮರೆತವನು ಅವನೇ. ಹೊಗೆಗೆ ದಾರಿಯಿಲ್ಲದೆ, ಒಳಗಿನ ಒತ್ತಡ ಆಯಿಲನ್ನು ಹೊರದಬ್ಬುತ್ತಿತ್ತು.

ಸೋರುವುದು ನಿಂತಿತು. ತನ್ನ ಮೇಲೇ ಕುದಿಯುತ್ತ ಗುರುಮಲ್ಲಪ್ಪ ಬೈಕಿನಲ್ಲಿ ನರಸೀಪುರಕ್ಕೆ ಹೋಗಿ, ಗ್ಯಾರೇಜಿನ ಬಾಗಿಲಲ್ಲಿ ನಿಂತು ಗದರಿದ: “ತಪ್ಪು ನಂದೇ ಕಣ್ಲಾ, ಪೈಪ್ಗೆ ಬಟ್ಟೆ ತುರುಕ್ದೋನು ನಾನೇ. ಆದ್ರೆ ಆ ಪೈಪು ನೋಡಕ್ಕೆ ನಿಂಗೇನಾಗಿತ್ತು?”

ನಂಜೇಶ ತಲೆಯೆತ್ತದೆ ಕೇಳಿದ: “ತಪ್ಪು ಒಪ್ಕೊಳಕ್ ಬಂದ್ರಾ, ಬೈಯಕ್ ಬಂದ್ರಾ, ಅಣ್ಣ?”

“ಎರಡಕ್ಕೂ,” ಎಂದ ಗುರುಮಲ್ಲಪ್ಪ.