ಐಸ್ ಪೆಟ್ಟಿಗೆಯ ಮೇಲೆ ಕೂತು ಷೇರಿನ ಪಾಠ

ಬೆಳಗಿನ ಐದು ಗಂಟೆ. ಹೊನ್ನಾವರದ ಕಾಸರಕೋಡ ಬಂದರಿನಲ್ಲಿ ಬೋಟುಗಳು ಒಂದೊಂದಾಗಿ ದಡಕ್ಕೆ ತಾಗುತ್ತಿವೆ. ಬಂಗಡೆ ಬುಟ್ಟಿಗಳ ಸುತ್ತ ಲಿಲಾವಿನ ಕೂಗು ಎದ್ದಿದೆ. ಈ ಗದ್ದಲದ ಒಂದು ಬದಿಗೆ, ಮಗುಚಿ ಹಾಕಿದ ಐಸ್ ಪೆಟ್ಟಿಗೆಯ ಮೇಲೆ ಕೂತು ವಿನುತಾ ಹರಿಕಂತ್ರ ಇಬ್ಬರು ಮೀನುಗಾರರಿಗೆ 'ಸ್ಟಾಪ್ ಲಾಸ್' ಅಂದರೇನೆಂದು ಹೇಳಿಕೊಡುತ್ತಿದ್ದಾರೆ. ನಗಬೇಡಿ, ವರದಿಗೆಂದು ಬಂದ ಮೊದಲ ದಿನ ನಾನೂ ನಕ್ಕಿದ್ದೆ.

"ಅಮ್ಮ ಚಾ ಕುಡಿಯೂಕೆ ಹೋಗುವಾಗ ನನ್ನ ಬುಟ್ಟಿ ಹತ್ರ ಕೂರ್ಸಿ ಎಂತ ಹೇಳ್ತದೆ? ರೇಟು ಕಿಲೋಗೆ ನೂರೈವತ್ತಕ್ಕೆ ಇಳಿದ್ರೆ ಇನ್ನು ಕಾಯ್ಬೇಡ, ಕೊಟ್ಟುಬಿಡು ಅಂತದೆ. ಸ್ಟಾಪ್ ಲಾಸ್ ಅಂದ್ರೆ ಅದೇಯ. ಮೊದ್ಲೇ ಹೇಳಿಡೂದು."

ತಾಯಿ ಬಂಗಾರಿ ಆಚೆಯಿಂದ ಕೂಗುತ್ತಾರೆ: "ಊರ ಉಸಾಬರಿ ಎಲ್ಲ ನಿನ್ನ ತಲೆ ಮೇಲೆಯಾ? ನಿನ್ನ ಬಸ್ಸು ತಪ್ತದೆ ನೋಡು!"

ಮೂವತ್ನಾಲ್ಕರ ವಿನುತಾ ಹೊನ್ನಾವರ ಪೇಟೆಯ ಷೇರು ದಲ್ಲಾಳಿಯೊಬ್ಬರ ಕಚೇರಿಯಲ್ಲಿ ಡಿಮ್ಯಾಟ್ ಖಾತೆ ತೆರೆಸುವ ಕೆಲಸದಲ್ಲಿದ್ದಾರೆ. ಬ್ಯಾಂಕಿನ ಲಾಕರಿನಲ್ಲಿ ಒಡವೆ ಇಟ್ಟ ಹಾಗೆ ಆ ಖಾತೆಯಲ್ಲಿ ಷೇರು ಇಡುವುದು. ಸಂಬಳ ಹನ್ನೊಂದು ಸಾವಿರ. ಬಂದರಿನ ಪಾಠಕ್ಕೆ ಬಿಡಿಗಾಸೂ ಇಲ್ಲ. ಕುಮಟಾದಿಂದ, ಭಟ್ಕಳದ ಜಾಲಿಯಿಂದ ದಿನಕ್ಕೆ ಹದಿನೈದಿಪ್ಪತ್ತು ಫೋನು ಬರುತ್ತವೆ, ಹೆಚ್ಚಿನವು ಬೈಗುಳದಿಂದಲೇ ಶುರುವಾಗುತ್ತವೆ. "ಖಾತೆ ತೆರೆಸಿಕೊಟ್ಟವ್ಳು ನಾನಲ್ದಾ? ದುಡ್ಡು ಹೋದ್ರೆ ಬೈಯೂದು ನಂಗೇ" ಎನ್ನುತ್ತಾರೆ.

ಇಲ್ಲಿಯವರಿಗೆ ಷೇರು ಅರ್ಥ ಮಾಡಿಸುವುದು ಕಷ್ಟವಾಗಲಿಲ್ಲ. ಬೋಟಿನ ಪಾಲು ಎಲ್ಲರಿಗೂ ಗೊತ್ತು. ಕಂಪನಿ ಎಂಬುದೂ ಒಂದು ಬೋಟು, ಷೇರು ಅದರಲ್ಲೊಂದು ಪಾಲು, ಲಾಭ ಬಂದಾಗ ಪಾಲುದಾರರಿಗೆ ಹಂಚಿದ್ದು ಡಿವಿಡೆಂಡ್. ತೊಡಕಾದದ್ದು ಬೇರೆ ಕಡೆ. ರಾತ್ರಿ ಉಳಿದ ಮೀನು ಕೆಟ್ಟಿತೆಂದೇ ಬಾಳಿದ ಜನ, ಬೆಳಿಗ್ಗೆ ಕೊಂಡ ಷೇರನ್ನೂ ಮಧ್ಯಾಹ್ನ ಮಾರುಕಟ್ಟೆ ಮುಚ್ಚುವುದರೊಳಗೆ ಸಿಕ್ಕಿದ ರೇಟಿಗೆ ಮಾರಿ ಕೈ ಸುಟ್ಟುಕೊಳ್ಳುತ್ತಿದ್ದರು. ಹೋದ ವರ್ಷ ವಿನುತಾ ಮನೆಮನೆ ತಿರುಗಿ, "ಷೇರು ಮೀನಲ್ಲ, ಕೊಳೆಯೂದಿಲ್ಲ, ಇಟ್ಕೊಳ್ಳಿ" ಎಂದು ಹೇಳಿ ಬಂದರು. ಆ ಮಾತು ಬಂದರಿನಲ್ಲಿ ಎಲ್ಲರ ಬಾಯಿಗೂ ಬಂತು. ಅದರ ಬೆನ್ನಿಗೇ ಹುಡುಗರ ಮೊಬೈಲಿಗೆ ಆಪ್ಷನ್ ಎಂಬ ಗಡುವಿನ ವ್ಯಾಪಾರ ಬಂತು.

ನಾವು ಮಾತಾಡುತ್ತಿರುವಾಗಲೇ ದುರ್ಗಪ್ಪ ಮೊಗೇರ ಬಂದು ವಿನುತಾ ಮುಂದೆ ಫೋನು ಹಿಡಿಯುತ್ತಾರೆ. ಟ್ರಾಲರ್ ಬೋಟಿನಲ್ಲಿ ಬಲೆ ಎಳೆಯುವವರು. ಇದು ಮೇ ಕೊನೆಯ ವಾರ, ಜೂನ್ ಬಂದರೆ ಮಳೆಗಾಲದ ಮೀನುಗಾರಿಕೆ ನಿಷೇಧ, ಎರಡು ತಿಂಗಳು ಕಡಲಿಗಿಳಿಯುವ ಹಾಗಿಲ್ಲ. ಆ ಎರಡು ತಿಂಗಳ ಅಕ್ಕಿ-ಬೇಳೆಗೆಂದು ಕೂಡಿಟ್ಟ ನಲವತ್ತಾರು ಸಾವಿರವನ್ನು ಅವರು ಆಪ್ಷನ್‌ಗೆ ಹಾಕಿದ್ದಾರೆ. ಫೋನಿನಲ್ಲಿ ಈಗ ಕಾಣುತ್ತಿರುವುದು ಮೂರು ಸಾವಿರ ಚಿಲ್ಲರೆ.

"ಕೊಳೆಯೂದಿಲ್ಲ ಅಂದಿದ್ಯಲ್ಲ ತಂಗಿ, ಅದ್ಕೇ ಇಟ್ಕೊಂಡಿದ್ದೆ."

"ಅಯ್ಯೋ ದುರ್ಗಪ್ಪಣ್ಣಾ, ಅದು ಷೇರಿಗೆ ಹೇಳಿದ್ದು! ಇದು ಬರೀ ಮುಂಗಡ. ಮಂಗಳವಾರದವರೆಗೆ ಬಂಗಡೆ ಬುಟ್ಟಿ ಮೂರು ಸಾವಿರಕ್ಕೇ ನಂಗೆ ಕೊಡ್ಬೇಕು ಅಂತ ನೂರು ರೂಪಾಯಿ ಕೊಟ್ಟು ಮಾತು ಕಟ್ಟಿದ ಹಾಗೆ. ರೇಟು ನಾಲ್ಕು ಸಾವಿರ ಆದ್ರೆ ಲಾಭ ನಿಂಗೆ. ಮೂರು ಸಾವಿರ ದಾಟದೆ ಮಂಗಳವಾರ ಮುಗಿದ್ರೆ ಆ ನೂರು ಹೋಯ್ತು. ನಿಂದು ಇವತ್ತು ಮೂರೂವರೆಗೆ ಮುಗೀತದೆ."

ಮಾರುಕಟ್ಟೆ ತೆರೆಯುವುದು ಒಂಬತ್ತೂಕಾಲಿಗೆ. ಅಲ್ಲಿವರೆಗೆ ದಡದಲ್ಲಿದ್ದು, ತೆರೆದ ಕೂಡಲೇ ಮಾರಿ, ಫೋನಿನಲ್ಲಿ ಕಾಣುವ ಆ ಮೂರು ಸಾವಿರವನ್ನಾದರೂ ಉಳಿಸಿಕೋ ಎಂದು ವಿನುತಾ ಅಂಗಲಾಚುತ್ತಾರೆ. ಬೋಟು ಆರಕ್ಕೇ ಹೊರಡುತ್ತದೆ, ಮಳೆಗಾಲಕ್ಕೆ ಮುಂಚಿನ ಕೊನೆಯ ಪಾಲು ಬಿಡಲು ದುರ್ಗಪ್ಪ ತಯಾರಿಲ್ಲ. ಫೋನನ್ನು ಹೆಂಡತಿ ಗಂಗಾ ಕೈಗೆ ಕೊಟ್ಟು ಹೋಗು ಎಂದರೆ ತಲೆ ತಗ್ಗಿಸುತ್ತಾರೆ.

"ಅವ್ಳಿಗೆ ಹೇಳ್ಲಿಲ್ಲ. ಮಧ್ಯಾಹ್ನದೊಳಗೆ ಏರಿದ್ರೂ ಏರ್ಬಹುದು, ಅಲ್ದಾ?"

ಏರುವುದಿಲ್ಲ ಎಂದು ವಿನುತಾ ನೇರವಾಗಿಯೇ ಹೇಳುತ್ತಾರೆ. ದುರ್ಗಪ್ಪ ಆದರೂ ಹೋಗಿಬಿಡುತ್ತಾರೆ. ನನಗೆ ಸಿಟ್ಟು ಬರುತ್ತದೆ, ಯಾರ ಮೇಲೆ ಅಂತ ಮಾತ್ರ ತಿಳಿಯುವುದಿಲ್ಲ.

ಕಚೇರಿಯಲ್ಲಿ ಒಂಬತ್ತೂಕಾಲಿನಿಂದ ವಿನುತಾ ದುರ್ಗಪ್ಪನವರಿಗೆ ಫೋನು ಮಾಡುತ್ತಲೇ ಇರುತ್ತಾರೆ. ನಡುಗಡಲಿನಲ್ಲಿ ನೆಟ್‌ವರ್ಕ್ ಎಲ್ಲಿಂದ ಬರಬೇಕು? ಮೂರೂವರೆಗೆ ಆ ಆಪ್ಷನ್ ಸೊನ್ನೆಯಾಗುತ್ತದೆ. ತಂದ ಊಟದ ಡಬ್ಬಿ ತೆರೆಯದೆ ವಿನುತಾ ಮನೆಗೆ ಹೋಗುತ್ತಾರೆ.

ಎರಡು ದಿನ ಬಿಟ್ಟು ಬೋಟು ಬಂದಿದೆ. ಮರುದಿನ ಬೆಳಿಗ್ಗೆ ಬಂದರಿಗೆ ಬಂದವರು ಗಂಗಾ. ಗಂಡ ಎಲ್ಲ ಹೇಳಿದ್ದಾರೆ, ಹೇಳಿ ಗೋಡೆ ಕಡೆ ಮುಖ ಮಾಡಿ ಮಲಗಿದ್ದಾರಂತೆ. ಬೈಯುತ್ತಾರೇನೋ ಎಂದು ನಾನು ಹೆದರಿದರೆ, ಗಂಗಾ ಐಸ್ ಪೆಟ್ಟಿಗೆಯ ಪಕ್ಕ ನೆಲಕ್ಕೇ ಕೂರುತ್ತಾರೆ. "ಎಂತ ಅದು, ಆಪ್ಷನ್ ಅಂದ್ರೆ? ನಂಗೂ ಸ್ವಲ್ಪ ಹೇಳು."

ವಿನುತಾ ಅದೇ ಬಂಗಡೆ ಬುಟ್ಟಿ, ಅದೇ ಮುಂಗಡವನ್ನು ಮೊದಲಿಂದ ಹೇಳುತ್ತಾರೆ. ಗಂಗಾ ನಡುವೆ ಬಾಯಿ ಹಾಕದೆ ಕೇಳುತ್ತಾರೆ.

"ಇಷ್ಟೇಯಾ? ಇಷ್ಟು ನಂಗೇ ತಿಳೀತದಲ್ಲೆ. ಅವ್ರಿಗೆ ಮೊದ್ಲೇ ಎಂತಕ್ಕೆ ಹೇಳ್ಲಿಲ್ಲ?"

ಗಂಗಾ ಸೆರಗು ಕೊಡವಿ ಎದ್ದು ಹೋದ ಮೇಲೆ, ಪತ್ರಿಕೆಯವರ ಹಾಳು ಚಟ ನೋಡಿ, ನಿಮ್ಮ ಆಸೆ ಏನು ಎಂದು ನಾನು ವಿನುತಾರನ್ನು ಕೇಳುತ್ತೇನೆ. ಅವರು ಬಸ್ಸಿಗೆ ಹೊರಡಲು ಐಸ್ ಪೆಟ್ಟಿಗೆಯಿಂದ ಏಳುತ್ತಾರೆ.

"ಎಲ್ಲರೂ ಕೊಂಡ ಮೇಲೇ ಬಂದು ಕೇಳೂದು. ಕೊಳ್ಳೂಕೆ ಮುಂಚೆ ಬಂದು ಕೇಳ್ಬೇಕು. ಒಬ್ರು ಸಾಕು."